ಹೆನ್ರಿ ಫೋರ್ಡ್

ಹೆನ್ರಿ ಫೋರ್ಡ್ (ಜುಲೈ ೩೦, ೧೮೬೩ – ಏಪ್ರಿಲ್ ೭, ೧೯೪೭) ಅಮೆರಿಕದ ಉದ್ಯಮಿ ಹಾಗೂ ಫೋರ್ಡ್ ಮೋಟಾರ್ ಕಂಪನಿಯ ಸಂಸ್ಥಾಪಕರು. ಸಿರಿವಂತರ ಸೊತ್ತಾಗಿದ್ದ ಮೋಟಾರು ಕಾರನ್ನು ಜನಸಾಮಾನ್ಯರ ಕೈಗೆಟುಕುವಂತೆ ಮಾಡಿದ ಕೀರ್ತಿ ಇವರದು. ಇವರ ಕಾಲದಲ್ಲಿ ತಯಾರಾದ ಮಾಡೆಲ್ ಟಿ ಮತ್ತು ಮಾಡೆಲ್ ಎ ಕಾರುಗಳು ಮೋಟಾರು ವಾಹನದ ಇತಿಹಾಸದ ಎರಡು ಭಿನ್ನ ಘಟ್ಟಗಳನ್ನು ಪ್ರತಿನಿಧಿಸುತ್ತವೆ.

ಆರಂಭಿಕ ಜೀವನ

ಫೋರ್ಡ್ ಅವರು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಸಮೀಪದ ಕೃಷಿಕ ಕುಟುಂಬದಲ್ಲಿ ಜನಿಸಿದರು. ಬೇಸಾಯಕ್ಕಿಂತ ಯಂತ್ರಗಳಲ್ಲಿಯೇ ಅವರಿಗೆ ಹೆಚ್ಚಿನ ಆಸಕ್ತಿ. ೧೮೭೯ರಲ್ಲಿ ಡೆಟ್ರಾಯಿಟ್ ನಗರಕ್ಕೆ ತೆರಳಿ ಯಂತ್ರಗಳ ಕೆಲಸ ಕಲಿತರು. ೧೮೮೮ರಲ್ಲಿ ಕ್ಲಾರಾ ಬ್ರಯಂಟ್ ಅವರನ್ನು ವಿವಾಹವಾದರು. ಏಕೈಕ ಪುತ್ರ ಎಡ್ಸೆಲ್ ೧೮೯೩ರಲ್ಲಿ ಜನಿಸಿದರು. ವಿದ್ಯುತ್ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದಾಗಲೇ, ೧೮೯೬ರಲ್ಲಿ, ಫೋರ್ಡ್ ತಮ್ಮ ಮೊದಲ ವಾಹನವನ್ನು ನಿರ್ಮಿಸಿದರು. ಫೋರ್ಡ್ ಮೋಟಾರ್ ಕಂಪನಿಯು ೧೯೦೩ರಲ್ಲಿ ಸ್ಥಾಪನೆಯಾಯಿತು.

ಮಾಡೆಲ್ ಟಿ

೧೯೦೮ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ ಟಿ ೨೦ ಅಶ್ವಶಕ್ತಿಯ, ಎರಡು ಗೇರುಗಳ ಸರಳ ವಾಹನ. ಕೆಸರು ತುಂಬಿದ ಹಳ್ಳಿಯ ರಸ್ತೆಗಳಲ್ಲಿಯೂ ಅದು ಸಾಗಬಲ್ಲದಾಗಿತ್ತು. ಸಣ್ಣಪುಟ್ಟ ದುರಸ್ತಿಯನ್ನು ರೈತನೇ ಮಾಡಿಕೊಳ್ಳಬಹುದಾಗಿತ್ತು. ೧೯೧೩ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಜಾರಿಗೆ ಬಂತು. ಇದರಿಂದ ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿಸ್ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆರಂಭದಲ್ಲಿ ೮೦೦ ಡಾಲರ್‌ಗೂ ಹೆಚ್ಚಿದ್ದ ಬೆಲೆ ಮುಂದೆ ೩೦೦ ಡಾಲರ್‌ಗೂ ಕೆಳಗಿಳಿಯಿತು. ೧೯೧೪ರಲ್ಲಿ ಅರ್ಹ ಕಾರ್ಮಿಕರಿಗೆ ದಿನಕ್ಕೆ ೫ ಡಾಲರ್ ವೇತನ ಘೋಷಿಸಲಾಯಿತು. ಒಟ್ಟು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ತಯಾರಾದವು.

ಮಾಡೆಲ್ ಎ

೧೯೨೦ರ ದಶಕದಲ್ಲಿ ರಸ್ತೆಗಳು ಸುಧಾರಿಸಿದವು. ಜನರು ವೇಗ, ಅಂದ ಮತ್ತು ಸೌಕರ್ಯಗಳನ್ನು ಬಯಸತೊಡಗಿದರು. ಪ್ರತಿಸ್ಪರ್ಧಿ ಷೆವರ್ಲೆ ಕಾರಿನ ಮಾರಾಟ ಏರುತ್ತಿತ್ತು. ೧೯೧೯ರಿಂದ ಕಂಪನಿಯ ಅಧ್ಯಕ್ಷರಾಗಿದ್ದ ಎಡ್ಸೆಲ್ ಹೊಸ ಮಾದರಿಗಾಗಿ ಒತ್ತಾಯಿಸಿದರೂ, ತಂದೆ ಬಹುಕಾಲ ಒಪ್ಪಲಿಲ್ಲ. ಒಂದೇ ಮಾದರಿಗೆ ಅಂಟಿಕೊಂಡದ್ದರಿಂದ ಮಾಡೆಲ್ ಟಿ ಅಗ್ಗವಾಗಿತ್ತು. ಅದೇ ಕಾರಣದಿಂದ ಅದು ಹಿಂದೆಯೂ ಬಿತ್ತು. ಕೊನೆಗೆ ೧೯೨೭ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಿತು. ಹೊಸ ಕಾರಿಗಾಗಿ ಕಾರ್ಖಾನೆಗಳು ತಿಂಗಳುಗಟ್ಟಲೆ ಸ್ಥಗಿತಗೊಂಡು, ಸಾವಿರಾರು ಕಾರ್ಮಿಕರು ಕೆಲಸವಿಲ್ಲದೆ ಉಳಿದರು.

ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಮಾಡೆಲ್ ಎ ೪೦ ಅಶ್ವಶಕ್ತಿ, ಮೂರು ಗೇರು, ನಾಲ್ಕೂ ಚಕ್ರಗಳಿಗೆ ಬ್ರೇಕು ಮತ್ತು ಸುರಕ್ಷಿತ ಗಾಜನ್ನು ಹೊಂದಿತ್ತು. ಹಲವು ಬಣ್ಣಗಳಲ್ಲಿ ದೊರೆಯುತ್ತಿದ್ದ ಅದರ ಹೊರರೂಪದಲ್ಲಿ ಎಡ್ಸೆಲ್ ಅವರ ಅಭಿರುಚಿ ಎದ್ದುಕಾಣುತ್ತದೆ. ಸುಮಾರು ನಾಲ್ಕು ವರ್ಷಗಳಲ್ಲಿ ೪೫ ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು.

ಟೀಕೆ ಮತ್ತು ಕೊನೆಯ ವರ್ಷಗಳು

ಫೋರ್ಡ್ ತಮ್ಮ ಒಡೆತನದ ಪತ್ರಿಕೆಯಲ್ಲಿ ಯಹೂದಿ ವಿರೋಧಿ ಬರಹಗಳನ್ನು ಪ್ರಕಟಿಸಿ ತೀವ್ರ ಟೀಕೆಗೆ ಗುರಿಯಾದರು. ೧೯೨೭ರಲ್ಲಿ ಕ್ಷಮೆ ಯಾಚಿಸಿದರು. ಕಾರ್ಮಿಕ ಸಂಘವನ್ನು ೧೯೪೧ರವರೆಗೂ ಮಾನ್ಯ ಮಾಡಲಿಲ್ಲ. ೧೯೪೩ರಲ್ಲಿ ಎಡ್ಸೆಲ್ ತಮ್ಮ ೪೯ನೆಯ ವಯಸ್ಸಿನಲ್ಲಿ ನಿಧನರಾದಾಗ, ವೃದ್ಧ ತಂದೆಯೇ ಮತ್ತೆ ಅಧ್ಯಕ್ಷ ಸ್ಥಾನ ವಹಿಸಿಕೊಂಡರು. ೧೯೪೫ರಲ್ಲಿ ಆಡಳಿತವನ್ನು ಮೊಮ್ಮಗ ಎರಡನೆಯ ಹೆನ್ರಿ ಫೋರ್ಡ್ ಅವರಿಗೆ ಒಪ್ಪಿಸಿದರು. ಎರಡು ವರ್ಷಗಳ ಬಳಿಕ ಡಿಯರ್‌ಬಾರ್ನ್‌ನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು.