ಮೃದಂಗದ ಲೆಕ್ಕ ಬಿಡಿಸಿದ ಲೆಕ್ಕಾಧಿಕಾರಿ

ಕೊಂಡಾಪುರದ ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಸಂಗೀತ ಕೇಳಬೇಕೆಂದರೆ ಹೆಡ್‌ಫೋನೇ ಗತಿ. ಪಕ್ಕದ ಕೋಣೆಯಲ್ಲಿ ಮಗಳು ಮಲಗಿರುತ್ತಾಳೆ. ಕಳೆದ ವರ್ಷ ಬೋನಸ್ ಬಂದಾಗ ಒಂದು ಓಪನ್-ಬ್ಯಾಕ್ ಹೆಡ್‌ಫೋನ್ ಕೊಂಡೆ. ಇದರ ಹಿಂಬದಿ ಮುಚ್ಚಿರುವುದಿಲ್ಲ, ಬರೀ ಜಾಲರಿ. ಹಾಗಾಗಿ ಸದ್ದು ತಲೆಯೊಳಗೆ ಕಟ್ಟಿಹಾಕಿದಂತೆ ಕೇಳುವುದಿಲ್ಲ, ಎದುರಿಗೆ ಕೂತು ನುಡಿಸಿದಂತೆ ಇರುತ್ತದೆ.

ಕೊಂಡದ್ದಕ್ಕೆ ಕಾರಣ ನನ್ನ ಸೋದರಮಾವ. ಊರಲ್ಲಿ ಅವರು ಮೃದಂಗ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಸಿಕ್ಕಿದ್ದು ಒಂದೇ ಕ್ಯಾಸೆಟ್, ರಾಮನವಮಿ ಕಚೇರಿಯದು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಮಾವನ ಎಡಗೈಯ ಗುಮ್ಕಿಗೆ ಊರೆಲ್ಲ ತಲೆದೂಗುತ್ತಿತ್ತು. ನನಗೆ ಅದನ್ನು ಮತ್ತೆ ಕೇಳಬೇಕಿತ್ತು.

ಹೆಡ್‌ಫೋನನ್ನು ಮನೆಯಲ್ಲಿದ್ದ ಹಳೆಯ ಸ್ಟೀರಿಯೊ ರಿಸೀವರಿಗೆ ಸಿಕ್ಕಿಸಿದೆ. ಗುಮ್ಕಿ ಧಾರಾಳವಾಗಿ ಬಂತು, ಆದರೆ ಒಂದು ಹೊಡೆತ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಎಲ್ಲ ಸಪ್ಪೆ. ಗೆಳೆಯನೊಬ್ಬ ತನ್ನ ದುಬಾರಿ ಹೆಡ್‌ಫೋನ್ ಆಂಪ್ಲಿಫೈಯರ್ ಕೊಟ್ಟ. ಆಗ ಮಾವನ ಬೆರಳು ಚರ್ಮದ ಮೇಲೆ ಜಾರುವುದೂ ಕೇಳಿಸಿತು. ಹೆಡ್‌ಫೋನ್ ಅದೇ, ಧ್ವನಿಮುದ್ರಣ ಅದೇ, ಬದಲಾದದ್ದು ಜೋಡಿ ಮಾತ್ರ. ಅಂಥದ್ದೇ ಆಂಪ್ಲಿಫೈಯರಿಗೆ ನಲವತ್ತು ಸಾವಿರ ಸುರಿಯಲು ಸಿದ್ಧನಾದೆ. ಅದಕ್ಕೆ ಮೊದಲು, ಮೃದಂಗದ ನಾದದ ಲೆಕ್ಕವನ್ನು ಯಾರಾದರೂ ಹಾಕಿದ್ದಾರೆಯೇ ಎಂದು ನೋಡುತ್ತಾ ಹೋದೆ. ಸಿಕ್ಕವರು ಸರ್ ಸಿ.ವಿ. ರಾಮನ್.

ಬೆಂಗಳೂರಿನಲ್ಲಿ ಓದಿದ ನಮಗೆ ರಾಮನ್ ಎಂದರೆ ಬೆಳಕು, ನೊಬೆಲ್ ಮತ್ತು ಫೆಬ್ರುವರಿ 28ರ ವಿಜ್ಞಾನ ದಿನ. ಆದರೆ ಬೆಳಕಿನ ಕೀರ್ತಿ ಬರುವ ಮೊದಲು ಸುಮಾರು ಹದಿನೈದು ವರ್ಷ ಅವರ ಮನಸ್ಸನ್ನು ಹಿಡಿದಿಟ್ಟದ್ದು ಸದ್ದು. ಆ ಕಥೆ ನಮ್ಮಂಥ ಪರ ಊರಿನ ನೌಕರರಿಗೆ ಹೆಚ್ಚು ಹತ್ತಿರದ್ದು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಬೆಳೆದದ್ದು ತೆಲುಗು ನೆಲದ ವಿಶಾಖಪಟ್ಟಣದಲ್ಲಿ. ಅಪ್ಪ ಚಂದ್ರಶೇಖರ ಅಯ್ಯರ್ ಅಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರು, ಒಳ್ಳೆಯ ಪಿಟೀಲು ವಾದಕರೂ ಹೌದು. ಮನೆಯಲ್ಲಿ ಭೌತಶಾಸ್ತ್ರದ ಪುಸ್ತಕ ಮತ್ತು ಪಿಟೀಲು ಎರಡೂ ಹುಡುಗನ ಕೈಗೆ ಎಟುಕುವಂತಿದ್ದವು. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ ಮುಗಿಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ 1906ರಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜಿನ್‌ನಲ್ಲಿ ಅವರ ಲೇಖನ ಬಂತು.

ಮುಂದೆ ಓದಲು ಇಂಗ್ಲೆಂಡಿಗೆ ಹೋಗಬೇಕಿತ್ತು. ಈ ಶರೀರಕ್ಕೆ ಅಲ್ಲಿನ ಹವೆ ಒಗ್ಗದು ಎಂದು ವೈದ್ಯರು ತಡೆದರು. ಆಗಿನ ಭಾರತದಲ್ಲಿ ಸಂಶೋಧನೆಯನ್ನೇ ನಂಬಿ ಬದುಕುವುದು ಕಷ್ಟ. ಹುಡುಗ ಹಣಕಾಸು ಇಲಾಖೆಯ ಪರೀಕ್ಷೆ ಕಟ್ಟಿ ಪಾಸಾದ. ಅದೇ ವರ್ಷ ಲೋಕಸುಂದರಿಯವರ ಜತೆ ಮದುವೆ. ಆಕೆ ವೀಣೆ ಬಲ್ಲವರು. 1907ರಲ್ಲಿ ದಂಪತಿ ಕಲ್ಕತ್ತೆಗೆ ಬಂದಿಳಿದರು. ಗಂಡ ಸಹಾಯಕ ಅಕೌಂಟೆಂಟ್ ಜನರಲ್, ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿಲ್ಲ. ಊರು ಹೊಸದು, ಭಾಷೆ ಹೊಸದು, ದಿನವಿಡೀ ಸರ್ಕಾರದ ಲೆಕ್ಕ.

ಆಫೀಸಿಗೆ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ಒಂದು ಫಲಕ ಅವರ ಕಣ್ಣಿಗೆ ಬಿತ್ತು. ವಿಜ್ಞಾನದ ಬೆಳವಣಿಗೆಗಾಗಿ ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಪ್ರಯೋಗಾಲಯವಿತ್ತು, ಕೆಲಸ ಮಾಡುವವರಿರಲಿಲ್ಲ. ರಾಮನ್ ಅಂದಿನಿಂದ ಆಫೀಸಿಗೆ ಮೊದಲು ಬೆಳಗ್ಗೆ ಅಲ್ಲಿ, ಆಫೀಸು ಬಿಟ್ಟ ಮೇಲೆ ರಾತ್ರಿಯವರೆಗೆ ಅಲ್ಲಿ. ಜತೆಗೆ ಅಶುತೋಷ್ ಡೇ ಎಂಬ ಸಹಾಯಕ. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾದಾಗ ಮನೆಯಲ್ಲೇ ಪ್ರಯೋಗ ನಡೆಸಿದರು. 1911ರಲ್ಲಿ ಮತ್ತೆ ಕಲ್ಕತ್ತೆಗೆ ಬಂದರು. ನಾನು ರಾಯದುರ್ಗಂ ಕಡೆಯ ಮೆಟ್ರೊದಲ್ಲಿ ಜೋತುಬಿದ್ದು ಹೋಗುವಾಗ ಈ ಟ್ರಾಮು ಎಷ್ಟೋ ಸಲ ನೆನಪಾಗುತ್ತದೆ.

ಪ್ರಯೋಗಕ್ಕೆ ಆರಿಸಿಕೊಂಡದ್ದರಲ್ಲಿ ಹೆಚ್ಚಿನದು ದುಬಾರಿ ಯಂತ್ರ ಬೇಡದ ವಿಷಯ: ತಂತಿ, ಬಿಲ್ಲು, ಪಿಟೀಲು, ವೀಣೆ, ತಂಬೂರಿ. ಪಿಟೀಲಿನಲ್ಲೂ ಚೆಲ್ಲೊದಲ್ಲೂ ತೋಳ ಸ್ವರ ಎಂಬ ಒಂದು ತೊಂದರೆಯಿದೆ. ಒಂದು ನಿರ್ದಿಷ್ಟ ಶ್ರುತಿಯಲ್ಲಿ ಬಿಲ್ಲು ಎಳೆದರೆ ನಾದ ನಿಲ್ಲುವುದಿಲ್ಲ, ಊಳಿಟ್ಟಂತೆ ಏರಿ ಇಳಿಯುತ್ತದೆ. ತಂತಿಯೂ ಚೆನ್ನಾಗಿರುತ್ತದೆ, ವಾದ್ಯದ ಒಡಲೂ ಚೆನ್ನಾಗಿರುತ್ತದೆ. ತಂತಿಯ ಕಂಪನ ಒಡಲಿನ ಸಹಜ ಕಂಪನಕ್ಕೆ ಹತ್ತಿರ ಬಂದಾಗ ಒಡಲು ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ, ಬಿಲ್ಲಿಗೆ ತಂತಿ ಹಿಡಿತಕ್ಕೆ ಸಿಗದು. 1916ರಲ್ಲಿ ರಾಮನ್ ಈ ವಿಷಯದ ಮೇಲೆ ಬರೆದರು. 1918ರಲ್ಲಿ ಪಿಟೀಲು ಕುಟುಂಬದ ವಾದ್ಯಗಳ ಕಂಪನದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಕೈಯ ವ್ಯತ್ಯಾಸ ನಡುವೆ ಬಾರದಿರಲೆಂದು ಯಂತ್ರದಿಂದ ಪಿಟೀಲು ನುಡಿಸಿದರು. ಅದರಲ್ಲಿ ಬಿಲ್ಲು ನಿಂತಲ್ಲೇ ಇರುತ್ತಿತ್ತು, ಪಿಟೀಲು ಹಿಂದೆ ಮುಂದೆ ಸರಿಯುತ್ತಿತ್ತು. ಯಾವ ಶ್ರುತಿಗೆ ಎಷ್ಟು ಒತ್ತು ಬೇಕೆಂದು ಅಳೆದರೆ, ಒಡಲು ಅನುರಣಿಸುವ ಕಡೆ ಒತ್ತು ಜಾಸ್ತಿ ಬೇಕಾಗುತ್ತಿತ್ತು.

ಇಲ್ಲಿಗೆ ಬಂದಾಗ ನನ್ನ ಹೆಡ್‌ಫೋನಿನ ಸಮಸ್ಯೆ ತಾನಾಗಿ ಬಿಡಿಸಿಕೊಂಡಿತು. ಹೆಡ್‌ಫೋನಿನ ತೆಳುಪೊರೆಗೂ ಒಂದು ಸಹಜ ಕಂಪನವಿದೆ, ನನ್ನದರಲ್ಲಿ ಅದು 100 ಹರ್ಟ್ಜ್ ಆಸುಪಾಸು. ಹೆಸರಿಗೆ 300 ಓಮ್ ಆದರೂ ಆ ಜಾಗದಲ್ಲಿ ಅದರ ಇಂಪೀಡೆನ್ಸ್ ಸುಮಾರು 500 ಓಮ್‌ಗೆ ಏರುತ್ತದೆ. ಹಳೆಯ ರಿಸೀವರ್‌ಗಳ ಹೆಡ್‌ಫೋನ್ ಜ್ಯಾಕಿನ ಹಿಂದೆ ನೂರಾರು ಓಮ್ ರೆಸಿಸ್ಟೆನ್ಸ್ ಇರುವುದುಂಟು. 120 ಓಮ್ ಎಂದಿಟ್ಟುಕೊಂಡರೆ, ವೋಲ್ಟೇಜು ಎರಡಕ್ಕೂ ಹಂಚಿಹೋಗಿ 100 ಹರ್ಟ್ಜ್ ಹತ್ತಿರ ಸದ್ದು ಸುಮಾರು 1 ಡೆಸಿಬೆಲ್ ಎತ್ತರಿಸುತ್ತದೆ. 32 ಓಮ್‌ನ ಹೆಡ್‌ಫೋನೊಂದು ಅದೇ ಜಾಗದಲ್ಲಿ 80 ಓಮ್‌ಗೆ ಏರುವಂಥದ್ದಾದರೆ ಏರಿಕೆ ಐದು ಡೆಸಿಬೆಲ್ ದಾಟುತ್ತದೆ. ಇನ್ನೊಂದು ಸಂಗತಿ ಬ್ರೇಕು. ಅಲುಗುವ ಕಾಯಿಲ್ ತಾನೇ ಒಂದು ಪುಟ್ಟ ಜನರೇಟರ್. ಅದು ಹುಟ್ಟಿಸುವ ಕರೆಂಟು ಆಂಪ್ಲಿಫೈಯರಿನ ಮೂಲಕ ಸಲೀಸಾಗಿ ಹರಿದರೆ ಪೊರೆಯ ಓಲಾಟ ಬೇಗ ನಿಲ್ಲುತ್ತದೆ, ದಾರಿಯಲ್ಲಿ ರೆಸಿಸ್ಟೆನ್ಸ್ ಇದ್ದರೆ ಓಲಾಟ ಎಳೆಯುತ್ತದೆ. ಮಾವನ ಹೊಡೆತಗಳು ಒಂದಕ್ಕೊಂದು ಅಂಟಿಕೊಂಡದ್ದು ಹೀಗೆ. ಲ್ಯಾಪ್‌ಟಾಪಿನ ಕಥೆ ಬೇರೆ. ಅದರ ವೋಲ್ಟೇಜು 300 ಓಮ್‌ಗೆ ಸಾಲದು, ಸದ್ದು ಸಣ್ಣದಾಗುತ್ತದೆ, ಸಣ್ಣ ಸದ್ದಿನಲ್ಲಿ ಕಿವಿಗೆ ಮಂದ್ರ ಇನ್ನೂ ಕಡಿಮೆ ಕೇಳುತ್ತದೆ.

ಮತ್ತೆ ಕಲ್ಕತ್ತೆಗೆ ಬರೋಣ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ರಾಮನ್‌ರನ್ನು ಕರೆಯಿತು. ಸಂಬಳ ಸರ್ಕಾರಿ ನೌಕರಿಗಿಂತ ಕಡಿಮೆ. ಹತ್ತು ವರ್ಷದ ಭದ್ರ ಕೆಲಸ ಬಿಟ್ಟು ಅಲ್ಲಿಗೆ ಹೋದರು. ಕೈಯಲ್ಲಿ ಸಾಲದ ಕಂತು ಇರುವ ನಮ್ಮಲ್ಲಿ ಎಷ್ಟು ಜನ ಹಾಗೆ ಹೋಗುತ್ತೇವೋ ಗೊತ್ತಿಲ್ಲ.

1920ರಲ್ಲಿ, ಶಿವಕಾಳಿ ಕುಮಾರ್ ಎಂಬ ಸಹೋದ್ಯೋಗಿಯ ಜತೆ, ನೇಚರ್ ಪತ್ರಿಕೆಯಲ್ಲಿ ನಮ್ಮ ಮದ್ದಳೆಗಳ ಮೇಲೆ ಒಂದು ಪುಟ್ಟ ಬರಹ ಪ್ರಕಟಿಸಿದರು. ಬಿಗಿದ ಬರೀ ಚರ್ಮವನ್ನು ಬಡಿದರೆ ಹುಟ್ಟುವ ಕಂಪನಗಳು 1, 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಪ್ರಮಾಣದಲ್ಲಿರುತ್ತವೆ. ಅದಕ್ಕೇ ಸಾಮಾನ್ಯ ಡೋಲಿನದು ಸದ್ದು, ಸ್ವರವಲ್ಲ. ಪಾಶ್ಚಾತ್ಯ ಧ್ವನಿಶಾಸ್ತ್ರ ಡೋಲುಗಳನ್ನು ಬದಿಗಿಟ್ಟದ್ದೂ ಇದೇ ಕಾರಣಕ್ಕೆ. ಮೃದಂಗ, ತಬಲಾ ಬೇರೆ ಜಾತಿ ಎಂದು ರಾಮನ್ ಕಿವಿಯಿಂದಲೇ ಬಲ್ಲವರು. ಬಲಗಡೆಯ ನಡುವೆ ಕಪ್ಪು ಕರಣೆ ಇರುತ್ತದಲ್ಲ, ಅನ್ನ ಮತ್ತು ಕಬ್ಬಿಣದ ಅಂಶವಿರುವ ಪುಡಿ ಕಲಸಿ ಪದರ ಪದರವಾಗಿ ಉಜ್ಜಿ ಕೂರಿಸಿದ್ದು, ಆ ಭಾರ ಚರ್ಮದ ಕಂಪನಗಳನ್ನು 1, 2, 3, 4, 5 ಎಂಬ ಸರಿಯಾದ ಪ್ರಮಾಣಕ್ಕೆ ಎಳೆದು ತರುತ್ತದೆ. ಎಡಗಡೆಗೆ ಕಚೇರಿಗೆ ಮುಂಚೆ ಮೆತ್ತುವ ರವೆಯ ಮುದ್ದೆಯೂ ಭಾರವೇ, ಅದರಿಂದ ಶ್ರುತಿ ಇಳಿದು ಮಂದ್ರ ಸಿಗುತ್ತದೆ. ಮಾವ ರವೆಗೆ ನೀರು ಚಿಮುಕಿಸಿ, ಬಡಿದು, ಚೂರು ಕಿತ್ತು, ಮತ್ತೆ ಬಡಿದು ನೋಡುತ್ತಿದ್ದದ್ದು ನನಗೆ ನೆನಪಿದೆ.

1921ರಲ್ಲಿ ವೀಣೆ, ತಂಬೂರಿಗಳ ಮೇಲೆ ಬರೆದರು. ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಕಂಪಿಸುವುದರಿಂದ ಆ ನಾದ ಅಷ್ಟು ತುಂಬಿರುತ್ತದೆ ಎಂದು ತೋರಿಸಿದರು. ಅದೇ ವರ್ಷ ಮೊದಲ ಸಲ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸಾಗುವುದನ್ನು ಅಲ್ಲಿಯೂ ಪರೀಕ್ಷಿಸಿದರು. ವಾಪಸು ಬರುವಾಗ ಹಡಗಿನಿಂದ ಕಂಡ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಬೆಳಕಿನ ಚದುರುವಿಕೆಯ ಕಡೆಗೆ ತಿರುಗಿಸಿತು. 1928ರ ಫೆಬ್ರುವರಿ 28, 1930ರ ನೊಬೆಲ್, ಮುಂದಿನದೆಲ್ಲ ಪಠ್ಯಪುಸ್ತಕದಲ್ಲಿದೆ.

1933ರಲ್ಲಿ ಅವರು ಬೆಂಗಳೂರಿಗೆ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ. ಮತ್ತೆ ಹೊಸ ಊರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ನೊಬೆಲ್ ವಿಜೇತರು ಬರೆದ ಲೇಖನಗಳಲ್ಲಿ ಒಂದು ಮತ್ತೆ ಭಾರತೀಯ ಮದ್ದಳೆಗಳ ಮೇಲೆ! ಹದಿನಾಲ್ಕು ವರ್ಷ ಹಿಂದೆ ಪುಟ್ಟದಾಗಿ ಹೇಳಿದ್ದನ್ನು ಈಗ ವಿವರವಾಗಿ ತೋರಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಬೇರೆಬೇರೆ ಕಡೆ ಮುಟ್ಟಿ ನುಡಿಸಿದಾಗ ಮರಳು ಕಟ್ಟುವ ಗೆರೆಗಳನ್ನು ಗುರುತಿಸಿದರು. ಒಂಬತ್ತು ಬಗೆಯ ಕಂಪನಗಳು ಸೇರಿ ಐದು ಸ್ವರಾಂಶಗಳಾಗುತ್ತವೆ ಎಂದು ಲೆಕ್ಕ ಬಿಡಿಸಿದರು. ಹೆಸರಿಲ್ಲದ ಮೃದಂಗ ಕಟ್ಟುವವರು ಕೈ ಅಂದಾಜಿನಲ್ಲಿ ತಲೆಮಾರುಗಳಿಂದ ಮಾಡುತ್ತಿದ್ದುದಕ್ಕೆ ಹೀಗೆ ವಿಜ್ಞಾನದ ಸಾಕ್ಷಿ ಸಿಕ್ಕಿತು.

ಬೆಂಗಳೂರು ಅವರಿಗೆ ಸಲೀಸಾಗಿ ಒದಗಲಿಲ್ಲ. ಸಂಸ್ಥೆಯೊಳಗಿನ ಜಗಳದಲ್ಲಿ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಸಿಟ್ಟು ಬೇಗ, ಮಾತು ಮೊನಚು, ತಪ್ಪು ಅವರ ಕಡೆಗೂ ಇತ್ತು. ಆದರೂ ಊರು ಬಿಡಲಿಲ್ಲ. 1948ರವರೆಗೆ ಅಲ್ಲೇ ಪ್ರಾಧ್ಯಾಪಕರಾಗಿದ್ದು, ಆಮೇಲೆ ಮೈಸೂರು ಸರ್ಕಾರ ಅಕಾಡೆಮಿಗೆ ಕೊಟ್ಟ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ನಡೆಸಿದರು. 1954ರಲ್ಲಿ ಭಾರತರತ್ನ ಬಂತು. ಪ್ರತಿ ಅಕ್ಟೋಬರ್ 2ರಂದು ಅಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. 1970ರ ಕೊನೆಯ ಉಪನ್ಯಾಸಕ್ಕೆ ಎಂಬತ್ತೆರಡರ ಹೊಸ್ತಿಲಲ್ಲಿದ್ದ ರಾಮನ್ ಆರಿಸಿಕೊಂಡ ವಿಷಯ ಕಿವಿ, ನಾವು ಕೇಳುವುದು ಹೇಗೆ ಎಂಬುದು. ಆ ತಿಂಗಳ ಕೊನೆಗೆ ಕುಸಿದರು. ಆಸ್ಪತ್ರೆಯಲ್ಲಿ ಉಳಿಯಲು ಒಪ್ಪದೆ ತಮ್ಮ ಹೂವಿನ ಗಿಡಗಳ ನಡುವಿಗೆ ಹಿಂತಿರುಗಿದರು. ನವೆಂಬರ್ 21ರ ಬೆಳಗ್ಗೆ ತೀರಿಕೊಂಡರು. ಸಂಸ್ಥೆಯ ಆವರಣದಲ್ಲೇ ದಹನವಾಯಿತು. ಅಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ಇಷ್ಟು ಓದಿದ ಮೇಲೆ ನಲವತ್ತು ಸಾವಿರದ ಗುಂಡಿ ಒತ್ತಲು ಕೈ ಬರಲಿಲ್ಲ. ಅಳೆಯದೆ ನಂಬಬಾರದು ಎಂಬುದಷ್ಟನ್ನಾದರೂ ಕಲಿಯಬೇಡವೇ? ಸದ್ದಿನ ಮಟ್ಟ ಸ್ವಲ್ಪ ಹೆಚ್ಚಿದ್ದರೂ ಕಿವಿ ಅದನ್ನೇ ಒಳ್ಳೆಯದೆನ್ನುತ್ತದೆ. ಹಾಗಾಗಿ ಮಟ್ಟ ಸರಿಹೊಂದಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತೆ, ಹೆಂಡತಿ ವೈರು ಬದಲಿಸಿದಳು. ಹಳೆಯ ರಿಸೀವರನ್ನು ಹತ್ತರಲ್ಲಿ ಎಂಟು ಸಲ ಗುರುತಿಸಿದೆ. ಗೆಳೆಯನ ದುಬಾರಿ ಆಂಪ್ಲಿಫೈಯರ್ ಮತ್ತು ಆಫೀಸಿನ ಸಹೋದ್ಯೋಗಿಯ ಬಳಿಯಿದ್ದ ಅಗ್ಗದ ಒಂದರ ನಡುವೆ ಐದೇ ಸಲ, ಅಂದರೆ ಬರೀ ಊಹೆ. ಎರಡರ ಔಟ್‌ಪುಟ್ ಇಂಪೀಡೆನ್ಸೂ ಒಂದು ಓಮ್‌ಗಿಂತ ಕಡಿಮೆ, ಎರಡರಲ್ಲೂ ಬೇಕಾದಷ್ಟು ವೋಲ್ಟೇಜು. ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದಕ್ಕಿಂತ ಆಂಪಿನದು ಕಡಿಮೆಯಿದ್ದರೆ ಸಾಕು ಎಂಬ ರೂಢಿಯ ಸೂತ್ರ ಸುಳ್ಳಲ್ಲ. ಅಗ್ಗದ್ದನ್ನೇ ಕೊಂಡೆ.

ಓಪನ್-ಬ್ಯಾಕ್‌ನಲ್ಲಿ ತೀರಾ ಆಳದ ಮಂದ್ರ ಜಾಲರಿಯಿಂದ ಸೋರಿಯೇ ಹೋಗುತ್ತದೆ, ಯಾವ ಆಂಪ್ಲಿಫೈಯರೂ ಅದನ್ನು ತರಲಾರದು. ಕ್ಯಾಸೆಟ್ಟೂ ತನ್ನ ಪಾಲಿಗೆ ಒಂದಿಷ್ಟು ನುಂಗಿದೆ. ಉಳಿದಿರುವುದು ಸ್ಪಷ್ಟವಾಗಿದೆ. ತನಿಯಾವರ್ತನಕ್ಕೆ ಮುಂಚೆ ಮಾವ ಒಮ್ಮೆ ಎಡಗಡೆ ಮೆಲ್ಲಗೆ ಬಡಿದು ನಿಲ್ಲಿಸುತ್ತಾರೆ. ರವೆಗೆ ಒಂದು ಹನಿ ನೀರು ಸೇರಿಸಿರಬೇಕು. ಮತ್ತೆ ಬಡಿದಾಗ ಶ್ರುತಿ ಒಂದೆಳೆ ಇಳಿದಿರುತ್ತದೆ. ಇಷ್ಟು ವರ್ಷ ಈ ಕ್ಯಾಸೆಟ್ ಕೇಳಿದ್ದರೂ ಅದು ನನ್ನ ಕಿವಿಗೆ ಬಿದ್ದದ್ದು ಈಗಲೇ.