ಸೂಜಿ-ದಾರದಿಂದ ಎದೆಯ ಮಹಾನಾಳ ಉಳಿಸಿದ ಡಾ. ಮೈಕೇಲ್ ಡಿಬೇಕಿ

ಬದುಕು ಕಟ್ಟಿಕೊಳ್ಳಲು ಲೆಬನಾನಿನಿಂದ ಅಮೆರಿಕಕ್ಕೆ ಹೋದ ಅರಬ್ ಕ್ರೈಸ್ತ ಕುಟುಂಬದ ಮಗ ಡಾ. ಮೈಕೇಲ್ ಡಿಬೇಕಿ. ಹುಟ್ಟಿದ್ದು 1908ರ ಸೆಪ್ಟೆಂಬರ್ 7ರಂದು, ಲೂಯಿಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ. ಮನೆತನದ ಮೂಲ ಹೆಸರು ದಬಾಘಿ. ತಾಯಿ ಹೊಲಿಗೆಯಲ್ಲಿ ಪಳಗಿದವರು, ಮಗನಿಗೂ ಕಲಿಸಿದ್ದರು. ಆ ವಿದ್ಯೆ ಮುಂದೆ ಸಾವಿರಾರು ಜನರ ಜೀವ ಉಳಿಸಿತು.

ಟುಲೇನ್‌ನಲ್ಲಿ ಓದುತ್ತಿದ್ದಾಗಲೇ, 1932ರಲ್ಲಿ, ಅವರು ರೋಲರ್ ಪಂಪ್ ರೂಪಿಸಿದರು. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತ ಹರಿಸುವ ಯಂತ್ರಕ್ಕೆ ಮುಂದೆ ಅದೇ ಆಧಾರವಾಯ್ತು. 1939ರಲ್ಲಿ ಗುರು ಆಲ್ಟನ್ ಆಕ್ಸ್ನರ್ ಜೊತೆ ಸೇರಿ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂದು ಬರೆದರು. ಆಗ ನಂಬಿದವರು ಕಡಿಮೆ.

1948ರಲ್ಲಿ ಟೆಕ್ಸಾಸ್‌ನ ಹೂಸ್ಟನ್‌ಗೆ, ಬೇಲರ್ ವೈದ್ಯಕೀಯ ಕಾಲೇಜಿಗೆ ಬಂದರು. ಕೆಟ್ಟುಹೋದ ರಕ್ತನಾಳದ ಜಾಗದಲ್ಲಿ ಸತ್ತವರ ನಾಳ ಕೂರಿಸುತ್ತಿದ್ದ ಕಾಲವದು. ಅದು ಸಾಕಾಗುವಷ್ಟು ಸಿಗುತ್ತಿರಲಿಲ್ಲ. ಬಟ್ಟೆಯಿಂದಲೇ ನಾಳ ಮಾಡೋಣ ಎಂದು ಅಂಗಡಿಗೆ ಹೋದರೆ ನೈಲಾನ್ ಖಾಲಿ. ಇದ್ದದ್ದು ಡೇಕ್ರಾನ್. ಅದನ್ನೇ ತಂದು ಮನೆಯ ಹೊಲಿಗೆ ಮೆಷಿನ್‌ನಲ್ಲಿ ಕೊಳವೆಯಾಗಿ ಹೊಲಿದರು. ನೈಲಾನ್‌ಗಿಂತ ಡೇಕ್ರಾನೇ ಹೆಚ್ಚು ಬಾಳಿಕೆ ಬಂತು.

ಅವರು ಕೈ ಹಾಕಿದ ಕಾಯಿಲೆಗಳಲ್ಲಿ ಅಪರೂಪದ್ದೂ ಭಯಂಕರವೂ ಆದದ್ದು ಎದೆಯ ಮಹಾನಾಳ ಸೀಳುವುದು. ಹೃದಯದಿಂದ ಹೊರಡುವ ಮಹಾಪಧಮನಿಯ ಒಳಪದರ ಹರಿದು, ರಕ್ತ ಪದರಗಳ ನಡುವೆ ನುಗ್ಗಿ ಗೋಡೆಯನ್ನೇ ಸೀಳುತ್ತಾ ಹೋಗುತ್ತದೆ. 1955ರಲ್ಲಿ ಡೆಂಟನ್ ಕೂಲಿ, ಆಸ್ಕರ್ ಕ್ರೀಚ್ ಜೊತೆ ಸೇರಿ ಇದರ ಆಪರೇಷನ್ ವಿವರ ಪ್ರಕಟಿಸಿದರು. 1965ರಲ್ಲಿ, ಸೀಳು ಎಲ್ಲಿ ಶುರುವಾಗಿ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ನೋಡಿ ಕಾಯಿಲೆಯನ್ನು ಮೂರು ವಿಧ ಮಾಡಿದರು. ಆ ವಿಂಗಡಣೆ ಇವತ್ತಿಗೂ ಅವರ ಹೆಸರಲ್ಲೇ ಇದೆ.

2005ರ ಡಿಸೆಂಬರ್ 31ರಂದು ಅದೇ ಕಾಯಿಲೆ ಅವರಿಗೇ ಬಂತು. ವಯಸ್ಸು 97. ನೋವು ಬಂದ ರೀತಿಯಲ್ಲೇ ಇದು ಏನೆಂದು ಅವರಿಗೆ ಗೊತ್ತಾಗಿತ್ತು. ಆಪರೇಷನ್ ಬೇಡ ಅಂದುಬಿಟ್ಟರು. 2006ರ ಫೆಬ್ರವರಿಯಲ್ಲಿ ಪ್ರಜ್ಞೆ ತಪ್ಪಿದಾಗ ಆಸ್ಪತ್ರೆಯೊಳಗೇ ವಾದವೆದ್ದಿತು. ಅವರ ಇಷ್ಟವೇನಿತ್ತು? ಈ ವಯಸ್ಸಿಗೆ ತಡೆದೀತೇ? ಅರಿವಳಿಕೆ ವೈದ್ಯರು ಒಪ್ಪಲಿಲ್ಲ, ನೈತಿಕ ಸಮಿತಿ ಸೇರಿತು. ಪತ್ನಿ ಕ್ಯಾಟ್ರಿನ್ ತಡಮಾಡಬೇಡಿ ಎಂದು ಪಟ್ಟು ಹಿಡಿದರು. ಹಳೆಯ ಸಹೋದ್ಯೋಗಿ ಜಾರ್ಜ್ ನೂನ್ ಸುಮಾರು 7 ಗಂಟೆ ಆಪರೇಷನ್ ಮಾಡಿ, ಸೀಳಿದ ಭಾಗಕ್ಕೆ ಡೇಕ್ರಾನ್ ನಾಳ ಹಾಕಿದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಡಿಬೇಕಿ ಎದ್ದು ಬಂದರು. ಆಪರೇಷನ್ ಮಾಡಿದ್ದು ಒಳ್ಳೆಯದೇ ಆಯ್ತು ಎಂದು ಆಮೇಲೆ ಒಪ್ಪಿಕೊಂಡರು. ಮತ್ತೆ ಕೆಲಸಕ್ಕೂ ಹೋದರು. 2008ರ ಜುಲೈ 11ರಂದು, ನೂರು ತುಂಬಲು ಎರಡು ತಿಂಗಳಿರುವಾಗ ತೀರಿಕೊಂಡರು.

ಈ ಕಾಯಿಲೆಗೆ ದೊಡ್ಡ ಕಾರಣ ಹತೋಟಿಯಲ್ಲಿಲ್ಲದ ಬಿಪಿ. ಎದೆಯಲ್ಲೋ ಬೆನ್ನಲ್ಲೋ ಹರಿದಂಥ ನೋವು ದಿಢೀರ್ ಬಂದರೆ ಗ್ಯಾಸ್ ಎಂದುಕೊಂಡು ರೂಮಲ್ಲಿ ಮಲಗಬಾರದು, ಡ್ಯೂಟಿ ಮುಗಿಯಲಿ ಎಂದು ಕಾಯಲೂಬಾರದು. ಇದನ್ನು ಹಾರ್ಟ್ ಅಟ್ಯಾಕ್ ಎಂದು ತಪ್ಪಾಗಿ ತಿಳಿದು ರಕ್ತ ತೆಳುವಾಗಿಸುವ ಔಷಧಿ ಕೊಟ್ಟರೆ ಅಪಾಯ ಇನ್ನೂ ಹೆಚ್ಚುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಸೀಳು ಕಾಣಿಸುತ್ತದೆ. ಇಲ್ಲಿ ಒಂದೊಂದು ಗಂಟೆಗೂ ಲೆಕ್ಕವಿದೆ.