ಸಂಸ್ಥಾನವನ್ನು ಕೂಡಿಸಿ ಒಡೆದ ಸಂನ್ಯಾಸಿ

ರಾಜ್ಯಗಳು ಹುಟ್ಟುವುದೂ ಅಳಿಯುವುದೂ ಲೋಕಕ್ಕೆ ಹೊಸತಲ್ಲ. 1918ರಲ್ಲಿ ಆಸ್ಟ್ರಿಯಾ-ಹಂಗೇರಿಯ ಸಾಮ್ರಾಜ್ಯವು ಮಹಾಯುದ್ಧದ ಸೋಲಿನಲ್ಲಿ ಹೋಳುಹೋಳಾಯಿತು. 1971ರಲ್ಲಿ ಪಾಕಿಸ್ತಾನವು ರಕ್ತಪಾತದ ನಡುವೆ ಇಬ್ಭಾಗವಾಯಿತು. ಆದರೆ 1724ರಲ್ಲಿ ತಳವೂರಿದ ನಿಜಾಮಶಾಹಿಯ ನೆಲವು 1956ರಲ್ಲಿ ಮೂರು ಪಾಲಾದದ್ದು ಪಾರ್ಲಿಮೆಂಟಿನ ಒಂದು ಕಾಯಿದೆಯಿಂದ. ಆ ವಿಭಜನೆಗಾಗಿ ವಾದಿಸಿದವರಲ್ಲಿ ಸ್ವಾಮಿ ರಾಮಾನಂದ ತೀರ್ಥರು ಅಗ್ರಗಣ್ಯರು.

ವ್ಯಂಕಟೇಶ ಖೇಡಗೀಕರರೆಂಬ ಪೂರ್ವಾಶ್ರಮದ ಹೆಸರಿನ ಇವರು 1903ರ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಸಿಂದಗಿಯ ಸೀಮೆ ಮುಂಬಯಿ ಇಲಾಖೆ. ಭೀಮೆಯ ಆಚೆಯ ದಂಡೆಯ ಅಫಜಲಪುರವಾದರೋ ಮೊಗಲಾಯಿ. ಜೇವರ್ಗಿ, ಆಳಂದಗಳ ಸ್ಥಿತಿಯೂ ಅದೇ. ಭಾಷೆ ಒಂದು, ಬಾಂಧವ್ಯ ಒಂದು, ಆಳುವವರು ಮಾತ್ರ ಇಬ್ಬರು! ಅಸಹಕಾರದ ಕರೆಗೆ ಓಗೊಟ್ಟ ತರುಣನು ಕಾರ್ಮಿಕ ಧುರೀಣ ನಾ. ಮ. ಜೋಶಿಯವರ ಬಳಿ ಕೆಲಸ ಮಾಡಿ, ಮುಂದೆ ಮರಾಠವಾಡೆಯ ಹಿಪ್ಪರಗೆಯ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕನಾದನು, ಅಲ್ಲಿಯೇ ಕಾವಿಯನ್ನುಟ್ಟನು.

ಕಾವಿಯು ಅವರನ್ನು ಲೋಕದಿಂದ ದೂರ ಒಯ್ಯಲಿಲ್ಲ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷೇಧಕ್ಕೊಳಗಾದಾಗ ಸತ್ಯಾಗ್ರಹಕ್ಕಿಳಿದು ಸೆರೆಮನೆ ಕಂಡರು. ನಿಷೇಧವು ತೆರವಾದದ್ದು 1946ರಲ್ಲಿ. ಮರುವರ್ಷ ನಿಜಾಮರು ತಾವು ಸ್ವತಂತ್ರರೆಂದು ಸಾರಲು ಹೊರಟಾಗ, ಸ್ವಾಮಿಗಳು ಆಗಸ್ಟ್ 7ರಂದು ಭಾರತದಲ್ಲಿ ಸೇರುವ ಚಳುವಳಿಯನ್ನು ಹೂಡಿದರು. ದೇಶವೆಲ್ಲ ಸ್ವಾತಂತ್ರ್ಯೋತ್ಸವದಲ್ಲಿದ್ದ ಆಗಸ್ಟ್ 15ರಂದು ಅವರಿಗೆ ದೊರೆತದ್ದು ಬಂಧನ. ನಡುವೆ ಅಲ್ಪಕಾಲ ಬಿಡುಗಡೆಯಾದರೂ, 1948ರ ಸಪ್ಟೆಂಬರ್ 13ರಂದು ಭಾರತದ ಸೈನ್ಯವು ಗಡಿ ದಾಟಿ 17ರಂದು ನಿಜಾಮರ ಸೈನ್ಯವು ಶರಣಾಗುವಾಗ ಅವರು ಮತ್ತೆ ಸೆರೆಯಲ್ಲಿದ್ದರು. ರಝಾಕಾರರ ಹಾವಳಿಯಿಂದ ನೊಂದ ನಾಡು ಬಿಡುಗಡೆ ಹೊಂದಿತು. ಆದರೆ ಗುಲಬರ್ಗಾ, ಬೀದರ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿ ಮುಸಲ್ಮಾನರೂ ಪ್ರತೀಕಾರಕ್ಕೆ ಬಲಿಯಾದುದನ್ನು ಮರೆಮಾಚುವುದು ಸತ್ಯಕ್ಕೆ ಎಸಗುವ ಅಪಚಾರ.

ಗೆದ್ದವರಿಗೆ ಒಂದು ದೊಡ್ಡ ರಾಜ್ಯವು ಕೈಗೆ ಬಂದಿತ್ತು. ಅದನ್ನು ಇಡಿಯಾಗಿ ಉಳಿಸಿಕೊಳ್ಳಬೇಕೆಂಬವರು ಕಾಂಗ್ರೆಸ್ಸಿನಲ್ಲಿಯೂ ಇದ್ದರು. ಪಂಡಿತ ನೆಹರೂರವರಿಗೂ ಅದರ ಮಿಶ್ರ ಸಂಸ್ಕೃತಿಯ ಮೇಲೆ ಮಮತೆ. ಸ್ವಾಮಿಗಳು ಒಪ್ಪಲಿಲ್ಲ. ತೆಲುಗು, ಮರಾಠಿ, ಕನ್ನಡದ ಜನರನ್ನು ಹೆಣೆದದ್ದು ಅವರ ಇಚ್ಛೆಯಲ್ಲ, ಅರಸನ ಖಡ್ಗ. ಪ್ರಜೆಯ ಭಾಷೆಯಲ್ಲಿ ಆಡಳಿತ ನಡೆಯಬೇಕಾದರೆ ಆ ಕಟ್ಟು ಬಿಚ್ಚಬೇಕು ಎಂಬುದು ಅವರ ನಿಲುವು. 1952ರಲ್ಲಿ ಗುಲಬರ್ಗೆಯಿಂದ ಲೋಕಸಭೆಗೆ ಆಯ್ಕೆಯಾದ ಅವರು, ತಾವೇ ಮುಂದಾಳುವಾಗಿದ್ದ ಕ್ಷೇತ್ರವು ಕರಗುವುದೆಂದು ಬಲ್ಲರು; ಆದರೂ ಹಿಂಜರಿಯಲಿಲ್ಲ.

1956ರ ನವೆಂಬರ್ 1ರಂದು ತೆಲಂಗಾಣವು ಆಂಧ್ರಕ್ಕೆ, ಮರಾಠವಾಡೆಯು ಮುಂಬಯಿಗೆ, ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದವು. ಭೀಮೆಯ ಎರಡು ದಂಡೆಗಳೂ ಒಂದೇ ರಾಜ್ಯವಾದವು. ಆದರೆ ಹೊಸ ಗೆರೆಯೂ ಗೆರೆಯೇ: ಗುಲಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರದ ಪಾಲಾದವು, ಆಳಂದದ ಪಶ್ಚಿಮಕ್ಕೆ ಅಕ್ಕಲಕೋಟೆಯ ಕನ್ನಡಿಗರು ಮುಂಬಯಿ ರಾಜ್ಯದಲ್ಲಿಯೇ ಉಳಿದರು.

ಸ್ವಾಮಿಗಳು 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಹೋದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ದೇಹವಿಟ್ಟರು. ಪೂರ್ವ ಪಾಕಿಸ್ತಾನವು ಬಾಂಗ್ಲಾದೇಶವಾಗಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಪ್ರಜೆಯ ಭಾಷೆಯನ್ನು ತುಳಿದ ರಾಜ್ಯವು ರಕ್ತದಲ್ಲಿ ಒಡೆಯಿತು. ಅದಕ್ಕೆ ತಲೆಬಾಗಿದ ದೇಶವು ತನ್ನೊಳಗಿನ ಗಡಿಗಳನ್ನು ಶಾಂತಿಯಿಂದ ತಿದ್ದಿಕೊಂಡಿತು. ರಾಜ್ಯವು ಪ್ರಜೆಗಾಗಿ ಇರತಕ್ಕದ್ದು, ಪ್ರಜೆಯು ರಾಜ್ಯಕ್ಕಾಗಿ ಅಲ್ಲ. ಜೇವರ್ಗಿಯ ಕಚೇರಿಯ ಕಟ್ಟೆಯಲ್ಲಿ ಅರ್ಜಿ ಹಿಡಿದು ನಿಂತ ರೈತನಿಗೆ ಅವನ ನುಡಿಯಲ್ಲಿ ಉತ್ತರವೂ, ಅವನ ಪಾಲಿನ ನ್ಯಾಯವೂ ದೊರೆತಾಗಲೇ ಆ ಸಂನ್ಯಾಸಿಯ ಶ್ರಮವು ಸಾರ್ಥಕವಾದೀತು.